ಬೆರಳಿನ ಬಿಸಿ

ಪುಷ್ಯಮಾಸ ಬಂತೆಂದರೆ ಚಲುವಮ್ಮನ ಮುಖ ಬೂದಿ ಬಳಿದಂತಾಗಿ ಬಿರಿಯುತ್ತಿತ್ತು. ಕೆನ್ನೆಯ ಮೇಲೆ ಸಣ್ಣ ಹೊಟ್ಟು ಏಳುತ್ತಿತ್ತು, ನಕ್ಕರೆ ತುಟಿಯಂಚು ಉರಿಯುತ್ತಿತ್ತು. ಮಾದಿಹಳ್ಳಿಯ ಗದ್ದೆ ಬಯಲಿನ ಮೇಲಿಂದ ಬೆಳಗಿನ ಹೊತ್ತು ಬೀಸುವ ಆ ಒಣಗಾಳಿಗೆ ಅವಳು ಇಷ್ಟು ವರ್ಷ ಮಾಡಿಕೊಂಡು ಬಂದ ಮದ್ದು ಒಂದೇ: ತಲೆಗೆ ಹಚ್ಚಿ ಅಂಗೈಯಲ್ಲಿ ಉಳಿದ ಕೊಬ್ಬರಿ ಎಣ್ಣೆ. ಎರಡು ಸಾವಿರದ ಒಂದನೇ ಇಸವಿಯ ಜನವರಿಯಲ್ಲಿ ಆ ಮುಖದ ಮೇಲೆ ಮಗಳು ಮಂಜುಳಾ ಫೌಂಡೇಶನ್ ಹಚ್ಚಲು ಕೂತಳು.

ಮಂಜುಳಾಗೆ ಆಗ ಇಪ್ಪತ್ತಾರು. ಬಿ.ಎ. ಮುಗಿಸಿ, ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ದ್ರಾಕ್ಷಾಯಣಿ ಎಂಬಾಕೆಯ ಬ್ಯೂಟಿ ಪಾರ್ಲರಿನಲ್ಲಿ ಆರು ತಿಂಗಳು ಕೆಲಸ ಕಲಿತು, ಬೇಲೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ತನ್ನದೇ ಪಾರ್ಲರ್ ಇಟ್ಟುಕೊಂಡಿದ್ದಳು. ಒಂದು ಕನ್ನಡಿ, ಒರಗಿದರೆ ಕಿರುಗುಟ್ಟುವ ಒಂದು ಕುರ್ಚಿ, ಬಾಗಿಲಿಗೆ ಹೂವಿನ ಪರದೆ. ಕಾಲೇಜು ಹುಡುಗಿಯರು, ಟೀಚರುಗಳು, ಆಸ್ಪತ್ರೆಯ ನರ್ಸುಗಳು ಹುಬ್ಬು ತಿದ್ದಿಸಿಕೊಳ್ಳಲು ಬರುತ್ತಿದ್ದರು. ಅಲ್ಲಿ ಯಾರೂ ಅವಳನ್ನು ಯಾವ ಊರು, ಯಾರ ಮಗಳು ಎಂದು ಕೇಳುತ್ತಿರಲಿಲ್ಲ. ಆದರೆ ಮದುಮಗಳ ಅಲಂಕಾರಕ್ಕೆ ಮಾತ್ರ ಯಾರೂ ಅವಳನ್ನು ಕರೆದಿರಲಿಲ್ಲ. ಅದಕ್ಕೆ ಎಲ್ಲರೂ ಹಾಸನಕ್ಕೆ ಹೋಗುತ್ತಿದ್ದರು. ಒಂದು ಮದುವೆಯ ಕೆಲಸ ಕೈಗೆ ಬಂದರೆ ಕಲಿತದ್ದು ಸಾರ್ಥಕವಾದಂತೆ ಎಂದು ಮಂಜುಳಾ ಒಳಗೊಳಗೇ ಕಾಯುತ್ತಿದ್ದಳು. ಕಾಯುವಾಗ ಕೈ ಸುಮ್ಮನಿರಬಾರದೆಂದು ಅವ್ವನ ಮುಖ ಹಿಡಿದಳು.

ದ್ರಾಕ್ಷಾಯಣಿ ಕಲಿಸಿದ್ದು ಸ್ಪಂಜಿನ ಕೆಲಸ. ಸ್ಪಂಜನ್ನು ನೀರಿನಲ್ಲಿ ಅದ್ದಿ, ಹಿಂಡಿ, ಫೌಂಡೇಶನ್ ತೆಗೆದುಕೊಂಡು ಮುಖದ ತುಂಬ ಎಳೆಯಬೇಕು. ಕೈ ಹಾಕಿದರೆ ಹಳ್ಳಿಯವರ ಕೆಲಸ ಅನ್ನುತ್ತಾರೆ ಎಂದು ಆಕೆ ಬೈಯುತ್ತಿದ್ದಳು. ಅರಸೀಕೆರೆಯ ಹುಡುಗಿಯರ ಎಣ್ಣೆಮುಖಗಳ ಮೇಲೆ ಅದು ಸಲೀಸಾಗಿ ಕೂರುತ್ತಿತ್ತು. ಅವ್ವನ ಮುಖದ ಮೇಲೆ ಹಾಗಾಗಲಿಲ್ಲ. ಸ್ಪಂಜು ಎಳೆದ ಕಡೆಯೆಲ್ಲ ಹೊಟ್ಟು ಎದ್ದು ನಿಂತಿತು, ಎದ್ದ ಹೊಟ್ಟಿಗೆ ಬಣ್ಣ ಮೆತ್ತಿಕೊಂಡಿತು.

"ಏನೇ ಇದು, ಗೋಡೆಗೆ ಸುಣ್ಣ ಹೊಡ್ದಂಗೆ ಹೊಡೀತಾ ಇದ್ದೀಯ? ನಾಳೆ ಯುಗಾದಿಯೇನೇ?" ಎಂದಳು ಚಲುವಮ್ಮ, ಕೈಗನ್ನಡಿ ನೋಡಿಕೊಂಡು.

"ಮಾತಾಡಬೇಡ ಅವ್ವ, ಬಿರಿಯುತ್ತೆ."

"ಮಾತಾಡ್ದೆ ಇರೋ ಮದುವೆ ಹೆಣ್ಣು ಎಲ್ಲಿ ಸಿಕ್ತಾಳೆ ನಿಂಗೆ? ಮೂಗಿ ಹುಡುಕ್ಕೊಂಡು ಹೋಗ್ಬೇಕು ನೀನು."

ಆ ತಿಂಗಳೆಲ್ಲ ಸಂಜೆ ಬಸ್ಸಿಳಿದು ಬಂದವಳೇ ಮಂಜುಳಾ ಅವ್ವನನ್ನು ಕಿಟಕಿಯ ಹತ್ತಿರ ಕೂರಿಸುತ್ತಿದ್ದಳು. ಚಲುವಮ್ಮ ಕೂರುತ್ತಿದ್ದಳು. ಬೆಳೆದ ಮಗಳು ದಿನಾ ಅರ್ಧ ಗಂಟೆ ಮುಖ ಮುಟ್ಟುತ್ತಾಳೆ ಎಂಬುದು ಅವಳಿಗೆ ಹಿತವಾಗಿತ್ತೋ ಏನೋ, ಗೊಣಗುತ್ತಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ತಪ್ಪುತ್ತ ತಪ್ಪುತ್ತ ಮಂಜುಳಾಗೆ ದಾರಿ ತಿಳಿಯಿತು. ಸೋಪು ಬೇಡ, ಉಗುರುಬೆಚ್ಚಗಿನ ನೀರಿನಲ್ಲಿ ಮುಖ ತೊಳೆದು, ಬಟ್ಟೆಯಿಂದ ಉಜ್ಜದೆ ಒತ್ತಬೇಕು. ಪಸೆ ಇನ್ನೂ ಇರುವಾಗಲೇ ಗ್ಲಿಸರಿನ್ನಿಗೆ ಪನ್ನೀರು ಬೆರೆಸಿ ಹಚ್ಚಬೇಕು. ಹಚ್ಚಿದ ಮೇಲೆ ಕಾಯಬೇಕು. ಒಣ ಚರ್ಮ ನಿಧಾನಕ್ಕೆ ಕುಡಿಯುತ್ತದೆ, ಅವಸರ ಮಾಡಿದರೆ ಬಣ್ಣವನ್ನು ಒಳಗೆ ಬಿಡದೆ ಮೇಲೆಯೇ ತೇಲಿಸುತ್ತದೆ. ಆಮೇಲೆ ಹೆಸರುಕಾಳಿನಷ್ಟು ಫೌಂಡೇಶನ್ನನ್ನು ಮುಂಗೈ ಮೇಲೆ ಇಟ್ಟುಕೊಂಡು, ಬೆರಳಿನಿಂದ ಸ್ವಲ್ಪ ಬಿಸಿ ಮಾಡಿ, ಉಂಗುರದ ಬೆರಳಿನಲ್ಲಿ ತಟ್ಟುತ್ತ ಹೋಗಬೇಕು. ಎಳೆಯಬಾರದು. ಬೆರಳಿನ ಬಿಸಿಗೆ ಬಣ್ಣ ಕರಗಿ ಚರ್ಮದ ಗೆರೆಗಳೊಳಗೆ ತಾನಾಗಿ ಇಳಿಯುತ್ತದೆ. ಬೇಲೂರಿನ ಅಂಗಡಿಯಲ್ಲಿ ಸಿಗುತ್ತಿದ್ದ ಎರಡು ಬಣ್ಣಗಳಲ್ಲಿ ಯಾವುದೂ ಅವ್ವನ ಬಣ್ಣದ ಹತ್ತಿರಕ್ಕೆ ಬರುತ್ತಿರಲಿಲ್ಲ. ಅರಸೀಕೆರೆಯಲ್ಲಿ ನಾಟಕದವರಿಗೆ ಬಣ್ಣ ಮಾರುವ ಅಂಗಡಿಯಿಂದ ಒಂದು ಕಂದು ಕಡ್ಡಿ ತಂದು, ಗೀರಿ, ಬೆರೆಸಿ ಅದನ್ನೂ ಸರಿ ಮಾಡಿಕೊಂಡಳು.

ಒಂದು ಸಂಜೆ ಅಪ್ಪ ದ್ಯಾವಯ್ಯ ತಾಲ್ಲೂಕು ಆಫೀಸಿನಿಂದ ಬಂದು, ಚೀಲ ಮೊಳೆಗೆ ಹಾಕಿ, ಹೆಂಡತಿಯ ಕಡೆ ತಿರುಗಿ ಎರಡು ಸಲ ನೋಡಿದ.

"ಮಧ್ಯಾಹ್ನ ಮಲಗಿ ಎದ್ದೆಯೇನು? ಲಕ್ಷಣವಾಗಿ ಕಾಣ್ತಿದೀಯ."

ಚಲುವಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಬಣ್ಣ ಹಚ್ಚಿರುವುದು ಅಪ್ಪನಿಗೆ ಕಾಣಲಿಲ್ಲವಲ್ಲ, ಮಂಜುಳಾಗೆ ಅಷ್ಟೇ ಬೇಕಿತ್ತು.

ಅದಾದ ವಾರಕ್ಕೆ ಮೇಘಶ್ರೀ ಬಂದಳು. ಹಳೇಬೀಡಿನ ಕೆಂಚಪ್ಪನವರ ಮಗಳು. ತೆಂಗಿನ ತೋಟ, ಗದ್ದೆ ಇರುವ ಮನೆ. ಎರಡು ವರ್ಷದಿಂದ ಹುಬ್ಬು ತಿದ್ದಿಸಿಕೊಳ್ಳಲು ಬರುತ್ತಿದ್ದ ಹುಡುಗಿ. ಅರಸೀಕೆರೆಯ ಕಡೆ ಗಂಡು ಗೊತ್ತಾಗಿತ್ತು. ಮಾಘದಲ್ಲಿ, ಬೇಲೂರಿನ ಕಲ್ಯಾಣ ಮಂಟಪದಲ್ಲಿ ಮದುವೆ. ಅವಳ ಮುಖ ನೋಡಿ ಮಂಜುಳಾ ಬೆಚ್ಚಿದಳು. ಚಲುವಮ್ಮನ ಮುಖಕ್ಕಿಂತ ಒಣಗಿತ್ತು.

"ಏನು ಮಾಡಿಕೊಂಡೆ ಇದನ್ನ?"

"ನಮ್ಮವ್ವ ಮಂಜುಳಕ್ಕ. ಮದುವೆ ಗೊತ್ತಾದಾಗಿಂದ ದಿನಾ ಕಡ್ಲೆಹಿಟ್ಟು ಹಾಕಿ ಉಜ್ತೈತೆ, ಬೆಳ್ಳಗಾಗ್ಲಿ ಅಂತ. ಉಜ್ಜಿ ಉಜ್ಜಿ ಇರೋದೂ ಹೋಯ್ತು. ನೀವೇ ಮೇಕಪ್ ಮಾಡ್ಬೇಕು. ಹಾಸನದೋರು ಮಾಡಿದ್ರೆ ನಮ್ ಅತ್ತಿಗೆ ಥರ ಹಿಟ್ಟಿನ ಗೊಂಬೆ ಆಗೋಗ್ತೀನಿ."

ಮಂಜುಳಾ ಒಪ್ಪಿಕೊಂಡಳು. ಮೊದಲು ಒಂದು ಸಲ ಮನೆಗೆ ಬಂದು ಹಚ್ಚಿ ತೋರಿಸುವುದು ಎಂದಾಯಿತು.

ಮೇಘಶ್ರೀಯ ತಾಯಿ ಮಾದಮ್ಮ ಮಾತಿನಲ್ಲಿ ಜೋರು, ಮನಸ್ಸಿನಲ್ಲಿ ಧಾರಾಳ. ಮಂಜುಳಾ ಜಗಲಿಯ ಮೇಲೆ ಪೆಟ್ಟಿಗೆ ಬಿಚ್ಚುತ್ತಿರುವಾಗಲೇ ವಿಚಾರಣೆ ಶುರುವಾಯಿತು.

"ಯಾವೂರಾಯ್ತವ್ವ ನಿಮ್ದು?"

"ಮಾದಿಹಳ್ಳಿ ಅಮ್ಮ."

"ಮಾದಿಹಳ್ಳೀಲಿ ಯಾರ ಮಗಳು?"

"ತಾಲ್ಲೂಕು ಆಫೀಸಿನ ದ್ಯಾವಯ್ಯನವರ ಮಗಳು."

ಮಾದಿಹಳ್ಳಿಯ ದ್ಯಾವಯ್ಯ ಎಂದರೆ ಯಾವ ಕೇರಿಯವರು ಎಂಬುದು ಸುತ್ತಲಿನ ಊರುಗಳಿಗೆಲ್ಲ ಗೊತ್ತು. ಅವರು ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡು ಇಪ್ಪತ್ತು ವರ್ಷವಾಗಿತ್ತು, ಮಗ ಧರ್ಮೇಶ್ ಹೈಸ್ಕೂಲು ಮೇಷ್ಟ್ರಾಗಿದ್ದ. ಆದರೂ ಕೇರಿ ಕೇರಿಯೇ. ಆ ಕೇರಿಯವರನ್ನು ಜಗಲಿ ದಾಟಿಸುವ ರೂಢಿ ಮಾದಮ್ಮನ ಮನೆಯಲ್ಲಿರಲಿಲ್ಲ. ಮುಟ್ಟಿಸಿಕೊಳ್ಳುವ ಮಾತು ದೂರವೇ ಉಳಿಯಿತು. ಮಾದಮ್ಮ ಒಳಗೆ ಹೋಗಿ ಬಂದಳು. ಮನೆಯವರಿಗೆಲ್ಲ ಸ್ಟೀಲ್ ಲೋಟದಲ್ಲಿ ಕಾಫಿ ಬಂತು, ಮಂಜುಳಾಗೆ ಪ್ಲಾಸ್ಟಿಕ್ ಲೋಟದಲ್ಲಿ. "ಮದುವೆಗೆ ಅಂತ ತಂದಿದ್ದು, ಹೊಸಾದು," ಎಂದಳು ಮಾದಮ್ಮ, ಯಾರೂ ಕೇಳದಿದ್ದರೂ.

"ಒಳಗೆ ಬನ್ನಿ ಮಂಜುಳಕ್ಕ, ಕನ್ನಡಿ ಅಲ್ಲಿದೆ," ಎಂದಳು ಮೇಘಶ್ರೀ.

"ಬೇಡ ಬೇಡ. ಬೆಳಕು ಇಲ್ಲೇ ಚೆನ್ನಾಗಿದೆ," ಎಂದಳು ಮಂಜುಳಾ. ಹೇಳಿದ ಮೇಲೆ, ಇದನ್ನು ತಾನು ಯಾರಿಗೋಸ್ಕರ ಹೇಳಿದೆ ಎಂದು ಅವಳಿಗೆ ಅನ್ನಿಸಿತು.

ಮಾದಮ್ಮ ಹತ್ತಿರ ಬಂದು ದನಿ ತಗ್ಗಿಸಿದಳು. "ನೋಡವ್ವ, ಹಸೆ ಏರೋ ಮಗ. ಮುಖಕ್ಕೆ ಕೈ ಹಾಕೋದು ಬ್ಯಾಡ. ನಿಮ್ಮೋರತ್ರ ಅದೇನೋ ಸ್ಪಂಜ್ ಇರ್ತದಂತಲ್ಲ, ಅದ್ರಲ್ಲೇ ಹಚ್ಬುಡು."

ಮಂಜುಳಾ ಪೆಟ್ಟಿಗೆಗೆ ಕೈ ಹಾಕಿದಳು. ದ್ರಾಕ್ಷಾಯಣಿ ಕಲಿಸಿದಂತೆ ಸ್ಪಂಜು ಹಿಂಡಿ ಹಚ್ಚಿದಳು. ಕಡಲೆಹಿಟ್ಟು ತಿಂದ ಆ ಚರ್ಮದ ಮೇಲೆ ಸ್ಪಂಜು ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಅವಳ ಕೈಗೆ ಗೊತ್ತಾಗುತ್ತಿತ್ತು. ಆದರೂ ಎಳೆದಳು. ಮೊದಲ ಹತ್ತು ನಿಮಿಷ ಚೆನ್ನಾಗಿ ಕಂಡಿತು. ಮೇಘಶ್ರೀ ಕಾಫಿ ಕುಡಿದು, ನೋಡಲು ಬಂದಿದ್ದ ನೆರೆಮನೆಯಾಕೆಯ ಮಾತಿಗೆ ನಕ್ಕಿದ್ದೇ ತಡ, ಬಾಯಿಯ ಎರಡೂ ಕಡೆ ಬಣ್ಣ ಸೀಳಿಕೊಂಡಿತು. ಮೂಗಿನ ಪಕ್ಕ ಪುಡಿ ಪುಡಿಯಾಗಿ ಎದ್ದಿತು.

"ಅಯ್ಯೋ, ದೋಸೆ ಸೀದಂಗೆ ಎದ್ದೈತಲ್ಲವ್ವ!" ಎಂದಳು ನೆರೆಮನೆಯಾಕೆ.

ಮಾದಮ್ಮ ನಗಲಿಲ್ಲ. "ಹೋಗ್ಲಿ ಬುಡು ಮಗ, ನಿಂಗೂ ಹೊಸ್ತು. ಹಾಸನದೋರ್ಗೇ ಹೇಳ್ತೀವಿ," ಎಂದು ಮೃದುವಾಗಿಯೇ ಹೇಳಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಮಂಜುಳಾಗೆ ಅನ್ನಿಸಿತು.

ಮಂಜುಳಾ ಮನೆಗೆ ಬಂದಾಗ ಧರ್ಮೇಶನೂ ಇದ್ದ. ಕೇಳಿ ಸಿಟ್ಟಾದ. "ಅವರ ಜಗಲೀಲಿ ಕೂತ್ಕೊಳ್ಳೋಕೆ ನೀನು ಡಿಗ್ರಿ ಮಾಡಿದ್ಯಾ? ಇನ್ನೊಂದ್ಸಲ ಆ ಕಡೆ ಹೋಗ್ಬೇಡ."

ಚಲುವಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಹೋಗ್ಲಿ ಬಿಡ್ಲಿ, ಅದು ಆಮೇಲಿನ್ ಮಾತು. ಅವ್ರು ಈಗ ಏನಂದ್ಕೊಂಡವ್ರೆ? ನಮ್ ಹುಡ್ಗಿಗೆ ಕೆಲ್ಸ ಬರಾಕಿಲ್ಲ ಅಂದ್ಕೊಂಡವ್ರೆ. ಅಲ್ಲೇ ಹೇಳಾಕೆ ಏನಾಗಿತ್ತೇ ನಿಂಗೆ? ನನ್ ಮುಂದೆ ಅಷ್ಟು ಮಾತಾಡ್ತೀಯ."

ಆ ಮಾತು ಮಂಜುಳಾಗೆ ನಾಟಿತು. ಅವಮಾನ ಒಂದು ಕಡೆ ಇರಲಿ. ತಾನು ಗೊತ್ತಿದ್ದೂ ಕೆಟ್ಟ ಕೆಲಸ ಮಾಡಿ ಬಂದಿದ್ದೇನೆ. ಒಂದು ತಿಂಗಳು ಅವ್ವನ ಮುಖ ಕಲಿಸಿದ್ದನ್ನು ಸುಳ್ಳು ಮಾಡಿ ಬಂದಿದ್ದೇನೆ. ಮಾರನೆಯ ದಿನ ಪಾರ್ಲರಿನ ಬಾಗಿಲು ಹಾಕಿ ಹಳೇಬೀಡಿನ ಬಸ್ಸು ಹತ್ತಿದಳು.

ಮಾದಮ್ಮ ಜಗಲಿಯ ಮೇಲೆ ಮೊರದ ತುಂಬ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಪಕ್ಕದಲ್ಲಿ ಮೇಘಶ್ರೀ.

"ಏನಾರ ಬಿಟ್ಟೋಗಿದ್ಯೇನವ್ವ?"

"ಇಲ್ಲಮ್ಮ. ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ." ಮಂಜುಳಾ ನಿಂತೇ ಹೇಳಿದಳು. "ನೀವು ಹಾಸನದವರನ್ನೇ ಕರೆಸಿ. ಆದ್ರೆ ನಿನ್ನೆ ಬಣ್ಣ ಬಿರಿದಿದ್ದು ನನಗೆ ಕೆಲಸ ಬರದೆ ಅಲ್ಲ. ಇಷ್ಟು ಒಣಗಿದ ಮುಖಕ್ಕೆ ಸ್ಪಂಜ್ ಆಗಲ್ಲ. ಬೆರಳಿನ ಬಿಸಿ ಬೇಕು. ಕೈಯಲ್ಲಿ ಹಚ್ಚೋದಾದ್ರೆ ನಾನು ಬರ್ತೀನಿ, ಸ್ಪಂಜಲ್ಲಿ ಅಂದ್ರೆ ಬರಲ್ಲ. ಇನ್ಮೇಲೆ ಕಡ್ಲೆಹಿಟ್ಟು ಹಾಕಬೇಡಿ. ಯಾರು ಹಚ್ಚಿದ್ರೂ ಅದು ಬೇಡ."

ಮಾದಮ್ಮ ಒಂದು ಕಾಯಿ ಬಿಡಿಸಿ ಕಾಳು ಉದುರಿಸಿದಳು, ಇನ್ನೊಂದನ್ನು ಕೈಗೆತ್ತಿಕೊಂಡಳು. ಆಮೇಲೆ ಏನೋ ಹೊಳೆದವಳಂತೆ ಮೊರ ಸರಿಸಿದಳು.

"ಕೈ ಬೇಕು ಅಂದ್ರೆ ಯಾರ ಕೈಯಾದ್ರೇನು? ನೀನು ಹೇಳ್ಕೊಡು, ನಾನೇ ಹಚ್ತೀನಿ. ಹೆತ್ತೋಳಲ್ವಾ ನಾನು?"

ಮಂಜುಳಾಗೆ ಬೇಡ ಎನ್ನುವುದಕ್ಕೆ ಕಾರಣವಿರಲಿಲ್ಲ. ಪೆಟ್ಟಿಗೆ ತೆರೆದಳು. ಬೆಚ್ಚಗಿನ ನೀರು ತರಿಸಿ, ಮುಖ ತೊಳೆಸಿ, ಗ್ಲಿಸರಿನ್ ಹಚ್ಚಿಸಿ ಕಾಯಿಸಿದಳು. ಮಾದಮ್ಮ ಕೈ ತೊಳೆದು ಬಂದು, ಹೇಳಿದಂತೆಯೇ ಮುಂಗೈ ಮೇಲೆ ಫೌಂಡೇಶನ್ ಇಟ್ಟುಕೊಂಡಳು. ಬೆರಳಿನಲ್ಲಿ ತೆಗೆದು ಮಗಳ ಕೆನ್ನೆಗೆ ತಟ್ಟಿದಳು. ತಟ್ಟಿದ ಕಡೆ ಗೀರು ಬಿತ್ತು.

"ನಿಧಾನ ಅಮ್ಮ. ಒತ್ತಬೇಡಿ."

ಇನ್ನೊಂದು ಸಲ ತಟ್ಟಿದಳು. ಬಣ್ಣ ಅರ್ಧ ಕೆನ್ನೆಯಲ್ಲಿ, ಅರ್ಧ ಬೆರಳಿನಲ್ಲಿ ಉಳಿಯಿತು. ಬೆರಳು ಎತ್ತಿದಾಗ ಹೊಟ್ಟೂ ಜೊತೆಗೆ ಎದ್ದಿತು.

"ಅವ್ವೋ, ಕೊಟ್ಟಿಗೆ ಸಾರಿಸ್ತಿದ್ದೀಯೇನವ್ವ?" ಎಂದು ಮೇಘಶ್ರೀ ನಕ್ಕಳು.

"ಬಾಯ್ ಮುಚ್ಕಂಡು ಕೂತ್ಕಳೇ ನೀನು." ಮಾದಮ್ಮ ಮೂರನೆಯ ಸಲ ಪ್ರಯತ್ನಿಸಿದಳು. ಹಣೆಯ ಮೇಲೆ, ತುಂಬ ಹಗುರವಾಗಿ, ಉಸಿರು ಹಿಡಿದು. ಆಗಲಿಲ್ಲ. ಅವಳು ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. ಹಸು ಕರೆದು, ಗೊಬ್ಬರ ಹೊತ್ತು, ರಾಗಿ ತೆನೆ ಮುರಿದು ಬೆರಳುಗಳ ತುದಿ ಬಿರುಕು ಬಿಟ್ಟಿದ್ದವು. ಬಿರುಕುಗಳಲ್ಲಿ ಅವರೆಯ ಸೊನೆ ಕಪ್ಪಗೆ ಕೂತಿತ್ತು; ಈಗ ಅದರ ಮೇಲೆ ಮಗಳ ಮದುವೆಯ ಬಣ್ಣ.

"ನಿಮ್ಮ ತಪ್ಪಲ್ಲ ಅಮ್ಮ," ಎಂದಳು ಮಂಜುಳಾ. "ಬೆರಳಲ್ಲೂ ಬಿರುಕಿದೆ, ಮುಖದಲ್ಲೂ ಇದೆ. ಒಂದಕ್ಕೊಂದು ಸಿಕ್ಕಿಕೊಳ್ಳುತ್ತೆ. ನಮ್ಮವ್ವನ ಕೈಯೂ ಹಿಂಗೇ ಇದೆ."

ಹಿತ್ತಲಲ್ಲಿ ಕರು ಕೂಗಿತು, ಯಾರೂ ಏಳಲಿಲ್ಲ. ಮಾದಮ್ಮ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, ಮಗಳ ಮುಂದಿನಿಂದ ಎದ್ದು ಪಕ್ಕಕ್ಕೆ ಸರಿದು ಕೂತಳು.

"ನೀನೇ ಹಚ್ಚವ್ವ."

"ಕೈಯಲ್ಲೇನಾ ಅಮ್ಮ?" ಮಂಜುಳಾ ಕೇಳಿದಳು. ಸ್ಪಷ್ಟವಾಗಿ ಕೇಳಿಸಿಕೊಳ್ಳಬೇಕಿತ್ತು ಅವಳಿಗೆ.

"ಇನ್ನೇನು ಕಾಲಲ್ಲಾ? ಹಚ್ಚು ಮತ್ತೆ."

ಮಂಜುಳಾ ಮೇಘಶ್ರೀಯ ಎದುರು ಕೂತಳು. ಆದರೆ ಬೆರಳುಗಳು ತಣ್ಣಗಾಗಿದ್ದವು. ಪಾರ್ಲರಿನಲ್ಲಿ ಇದೇ ಹುಡುಗಿಯ ಹಣೆಯನ್ನು ಎಷ್ಟು ಸಲ ಹಿಡಿದಿದ್ದಾಳೋ ಲೆಕ್ಕವಿಲ್ಲ. ಇಲ್ಲಿ, ಅವಳ ತಾಯಿಯ ಕಣ್ಣೆದುರು, ಕೈ ಏಳಲೊಲ್ಲದು. ಎರಡೂ ಅಂಗೈಗಳನ್ನು ಉಜ್ಜಿದಳು. ಬೆರಳುಗಳನ್ನು ಮುಷ್ಟಿಯೊಳಗೆ ಇಟ್ಟುಕೊಂಡು, ಬಿಸಿ ಬರುವವರೆಗೆ ಕಾದಳು. ತಾಯಿ ಮಗಳು ಇಬ್ಬರೂ ಕಾದರು. ಆಮೇಲೆ, ಗೀರು ಬಿದ್ದದ್ದನ್ನೆಲ್ಲ ಒದ್ದೆ ಬಟ್ಟೆಯಿಂದ ಒತ್ತಿ ತೆಗೆದು, ಮೂಗಿನ ಪಕ್ಕದಿಂದ ಶುರು ಮಾಡಿ ಕಿವಿಯ ಕಡೆಗೆ ತಟ್ಟುತ್ತ ಹೋದಳು. ಕಣ್ಣಿನ ಕೆಳಗೆ ಬೆರಳಲ್ಲಿ ಉಳಿದಷ್ಟು ಮಾತ್ರ. ಬಾಯಿಯ ಪಕ್ಕ ಇನ್ನೂ ಕಡಿಮೆ. ಚರ್ಮ ಅವಳ ಬೆರಳನ್ನು ಎಲ್ಲೂ ತಡೆಯಲಿಲ್ಲ.

ಒಂದು ಗಂಟೆ ನೋಡೋಣ ಎಂದಳು ಮಾದಮ್ಮ. ಆ ಗಂಟೆಯಲ್ಲಿ ಮಗಳಿಗೆ ರೊಟ್ಟಿ ತಿನ್ನಿಸಿದಳು, ಬೇಕೆಂದೇ ಬೈದಳು, ಬೇಕೆಂದೇ ನಗಿಸಿದಳು. ಕೊನೆಗೆ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದಳು. ಎಲ್ಲೂ ಬಿರಿದಿರಲಿಲ್ಲ. ಮಗಳು ಮಗಳಂತೆಯೇ ಇದ್ದಳು.

"ಶುಕ್ರವಾರ ಬೆಳಿಗ್ಗೆ ಐದೂವರೆಗೆಲ್ಲ ಛತ್ರದತ್ರ ಇರವ್ವ," ಎಂದಳು. ಕಾಫಿ ತರಲು ಎದ್ದಳು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಮಂಜುಳಾ ಹೊರಟಳು. ಲೋಟ ಯಾವುದು ಎಂದು ನೋಡುವ ಮನಸ್ಸು ಅವಳಿಗಿರಲಿಲ್ಲ.

ಶುಕ್ರವಾರ ಛತ್ರದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅವಳು ಕೆಲಸ ಮುಗಿಸಿದಳು. ಆಮೇಲೆ ಹಿಂದಿನ ಸಾಲಿನಲ್ಲಿ ಹೆಂಗಸರ ನಡುವೆ ಕೂತಳು. ಮುಹೂರ್ತದ ಹೊತ್ತಿಗೆ ವಿಡಿಯೋದವನ ದೀಪ ಹೆಣ್ಣಿನ ಮುಖದ ಮೇಲೆ ಸುರಿಯುತ್ತಿತ್ತು. ಮುಖದ ಬಣ್ಣ ಗಟ್ಟಿಯಾಗಿ ನಿಂತಿತ್ತು. ಕೆಂಚಪ್ಪ ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟು ಧಾರೆ ಎರೆಯುವಾಗ ಮಾತ್ರ ಮೇಘಶ್ರೀ ತಡೆಯಲಾರದೆ ಅತ್ತುಬಿಟ್ಟಳು. ಕಣ್ಣೀರು ಎರಡೂ ಕೆನ್ನೆಯ ಮೇಲೆ ದಾರಿ ಮಾಡಿಕೊಂಡು ಇಳಿಯಿತು. ಗಂಡಿನ ಕಡೆಯ ಒಬ್ಬ ಹೆಂಗಸು ಕರ್ಚೀಫು ತೆಗೆದು ಒರೆಸಲು ಬಾಗಿದಳು.

"ಉಜ್ಬ್ಯಾಡಿ, ಉಜ್ಬ್ಯಾಡಿ!" ಮಂಟಪದ ಮೇಲಿಂದ ಮಾದಮ್ಮ ಕೂಗಿದಳು. ಓಲಗದವರೂ ಒಂದು ಗಳಿಗೆ ನಿಲ್ಲಿಸಿದರು. ಅವಳು ಜನರ ಮೇಲೆ ಕಣ್ಣಾಡಿಸಿದಳು. "ಮಂಜುಳಾ! ಎಲ್ಲಿದ್ದೀಯವ್ವ? ಬಾ ಮೇಲಕ್ಕೆ."

ಅಷ್ಟು ಜನ ತಿರುಗಿ ನೋಡುತ್ತಿರುವಾಗ ನಡೆದು ಹೋಗುವುದು ಉದ್ದವಾದ ದಾರಿ. ಮಂಟಪದ ಮೆಟ್ಟಿಲ ಹತ್ತಿರ ಅವಳ ಕಾಲು ನಿಂತಿತು.

"ಬಾರವ್ವ, ಹೊತ್ತಾಯ್ತದೆ," ಎಂದಳು ಮಾದಮ್ಮ.

ಹತ್ತಿದಳು. ಪುರೋಹಿತರು ಬಾಯಿಯಲ್ಲಿದ್ದ ಮಂತ್ರವನ್ನು ಅಲ್ಲೇ ಹಿಡಿದುಕೊಂಡು ಕಾದರು. ಮಂಜುಳಾ ಮೊಣಕಾಲೂರಿ, ಕಣ್ಣೀರನ್ನು ಬೆರಳ ತುದಿಯಲ್ಲಿ ಒತ್ತಿ ತೆಗೆದಳು. ಬಣ್ಣ ತೊಳೆದುಹೋಗಿದ್ದ ಜಾಡನ್ನು ಅಕ್ಕಪಕ್ಕದ ಬಣ್ಣದಿಂದಲೇ ತಟ್ಟಿ ತುಂಬಿದಳು. ಮೇಘಶ್ರೀ ಕಣ್ಣು ಮುಚ್ಚಿಕೊಂಡಿದ್ದಳು. ಮುಗಿದ ಮೇಲೆ ಮಂಜುಳಾ ಬಂದ ದಾರಿಯಲ್ಲೇ ಇಳಿದಳು. ಓಲಗ ಮತ್ತೆ ಶುರುವಾಯಿತು.

ಏಪ್ರಿಲಿನಲ್ಲಿ ಮೇಘಶ್ರೀ ತವರಿಗೆ ಬಂದವಳು ಪಾರ್ಲರಿಗೂ ಬಂದಳು.

"ಮಂಜುಳಕ್ಕ, ಮದುವೆ ಕ್ಯಾಸೆಟ್ ಬಂತು. ನೀವೂ ಇದ್ದೀರ ಅದ್ರಲ್ಲಿ. ಆದ್ರೆ ಬರೀ ಕೈ! ವಿಡಿಯೋದವ್ನು ನನ್ ಕೆನ್ನೆ ಬಿಟ್ಟು ಈಚೆ ಬಂದೇ ಇಲ್ಲ. ಮುಖ ತುಂಬ ನಿಮ್ ಬೆರಳು."

ಮಂಜುಳಾ ಹುಬ್ಬು ತಿದ್ದುವ ದಾರದ ಉಂಡೆ ಬಿಚ್ಚುತ್ತ ನಕ್ಕಳು. "ನೋಡಿದವರು ಯಾರ ಕೈ ಅಂತ ಕೇಳಿದ್ರಾ?"

"ಹೂಂ. ಊರೋರೆಲ್ಲ ಬಂದು ನೋಡ್ತಾರಲ್ಲ."

"ಅಮ್ಮ ಏನಂದ್ರು?"

ಮೇಘಶ್ರೀ ಕನ್ನಡಿಯಲ್ಲಿ ತನ್ನ ಹುಬ್ಬನ್ನೇ ನೋಡಿಕೊಂಡಳು. "ಮೊದ್ಲು ಕೇಳ್ದೋರಿಗೆ ಮೇಕಪ್ಪಿನ ಹುಡುಗಿ ಅಂತು. ಆಮೇಲೆ ಕೇಳ್ದೋರಿಗೆ ಬೇಲೂರಿನ ಮಂಜುಳಾ ಅಂತು." ಕುರ್ಚಿಗೆ ಒರಗುತ್ತ ಸೇರಿಸಿದಳು. "ಮೊನ್ನೆ ನಮ್ ದೊಡ್ಡಮ್ಮ ಬಂದು ಯಾರ ಮಗಳು ಅಂತ ಕೇಳಿದ್ರಂತೆ. ಆಗ ನಾನು ಒಳಗಿದ್ದೆ, ಅವ್ವ ಏನಂತೋ ಕೇಳಿಸ್ಲಿಲ್ಲ."

ಮಂಜುಳಾ ಮೇಘಶ್ರೀಯ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಬೇಸಿಗೆ ಬಂದಿತ್ತು, ಚರ್ಮ ಹದಕ್ಕೆ ಬಂದಿತ್ತು.

"ಕಣ್ಣು ಮುಚ್ಚು," ಎಂದು ದಾರದ ತುದಿ ಹಲ್ಲಿನಲ್ಲಿ ಕಚ್ಚಿಕೊಂಡಳು.